ಪ್ರಬಂಧ ಪರೀಕ್ಷಿಸಲು ಹೋಗಿ ಬೆಚ್ಚಿಬಿದ್ದ ಕತೆಗಳು

ನಮ್ಮ ಮನೆಯವರು ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದವರು. ಮೈ ಜುಮ್ಮೆನ್ನಿಸುವಂಥ ಒಂದು ಅನುಭವವನ್ನೂ ಅವರು ಹೇಳಿದ್ದಿಲ್ಲ. ನಾನು ಮೇಷ್ಟ್ರುಗಳಿಗೆ ಪಾಠ ಮಾಡುವವಳು, ನನಗೆ ಮಾತ್ರ ವರ್ಷಕ್ಕೊಂದಾದರೂ ಅಂಥದ್ದು ಆಗುತ್ತಲೇ ಇರುತ್ತದೆ. ಶೆಟ್ಟಿಹಳ್ಳಿಯ ನಮ್ಮ ಮನೆಗೆ ನೆಂಟರು ಬಂದರೆ ಕತೆ ಕೇಳಲು ಅವರ ಹತ್ತಿರ ಹೋಗುವುದಿಲ್ಲ, ನನ್ನ ಹತ್ತಿರವೇ ಬರುತ್ತಾರೆ.

ತುಮಕೂರಿನ ಒಂದು ಶಿಕ್ಷಣ ಕಾಲೇಜಿನಲ್ಲಿ ಎಂ.ಎಡ್. ತರಗತಿಗೆ ನಾನು ತೆಗೆದುಕೊಳ್ಳುವ ಪೇಪರಿನ ಹೆಸರು ಬಾಯಲ್ಲಿ ಹಿಡಿಸುವುದಿಲ್ಲ: ಶಿಕ್ಷಣ ಮತ್ತು ಮನೋವಿಜ್ಞಾನದ ಸಂಶೋಧನೆ ಹಾಗೂ ಸಿದ್ಧಾಂತಗಳ ವಿಮರ್ಶಾತ್ಮಕ ಮೌಲ್ಯಮಾಪನ. ವಿದ್ಯಾರ್ಥಿಗಳು ಅದನ್ನು 'ಡೌಟ್ ಪೇಪರ್' ಎಂದು ಕರೆಯುತ್ತಾರೆ. ದೊಡ್ಡವರು ಹೇಳಿದ್ದಾರೆ, ಅಚ್ಚಾಗಿದೆ ಎಂದ ಮಾತ್ರಕ್ಕೆ ನಂಬಬಾರದು, ಹೋಗಿ ನೋಡಬೇಕು ಎನ್ನುವುದೇ ಅದರ ಸಾರ. ಪಾಠ ಮಾಡಿದ ತಪ್ಪಿಗೆ ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಏನಾದರೂ ವಿಚಿತ್ರ ಕಂಡರೆ ಹೋಗಿ ನೋಡುವ ಕೆಲಸವೂ ನನ್ನ ತಲೆಗೇ ಬಿತ್ತು. ಹೋದ ಕಡೆ ಕಂಡದ್ದು ಇದು.

ಕಂಟ್ರೋಲ್ ಗ್ರೂಪ್

ನಮ್ಮ ವಿದ್ಯಾರ್ಥಿನಿಯೊಬ್ಬಳು ಗುಬ್ಬಿ ಕಡೆಯ ಒಂದು ಶಾಲೆಯಲ್ಲಿ ಪ್ರಯೋಗ ಇಟ್ಟುಕೊಂಡಿದ್ದಳು. ಎರಡನೇ ಕ್ಲಾಸಿನಲ್ಲಿ ಎ, ಬಿ ಎಂದು ಎರಡು ಸೆಕ್ಷನ್. ಎ ಸೆಕ್ಷನ್ನಿನ ಮಕ್ಕಳಿಗೆ ಆಟ ಆಡಿಸಿ, ಹಾಡು ಹಾಡಿಸಿ ಕೂಡುವ ಲೆಕ್ಕ ಕಲಿಸುವುದು. ಬಿ ಸೆಕ್ಷನ್ನಿಗೆ ಎಂದಿನಂತೆ ಪಾಠ. ಮೂರು ವಾರ ಆದಮೇಲೆ ಎರಡಕ್ಕೂ ಒಂದೇ ಪರೀಕ್ಷೆ ಕೊಟ್ಟು ಯಾರು ಹೆಚ್ಚು ಕಲಿತರು ಎಂದು ನೋಡುವುದು. ಬಿ ಸೆಕ್ಷನ್ನಿನಂಥದ್ದಕ್ಕೆ ನಮ್ಮ ಭಾಷೆಯಲ್ಲಿ ಕಂಟ್ರೋಲ್ ಗ್ರೂಪ್ ಎನ್ನುತ್ತಾರೆ.

ಮೂರನೇ ವಾರ ಅವಳು ಸಪ್ಪೆ ಮುಖ ಮಾಡಿಕೊಂಡು ಬಂದಳು. ಬಿ ಸೆಕ್ಷನ್ನಿನ ಮಕ್ಕಳು ಯಾಕೋ ಸರಿಯಿಲ್ಲ ಮೇಡಂ ಎಂದಳು. ಸರಿಯಿಲ್ಲ ಅಂದರೆ ಏನು ಎಂದು ಕೇಳಿದರೆ ಹೇಳಲು ಬರಲಿಲ್ಲ. ನೀವೇ ಬಂದು ನೋಡಿ ಎಂದಳು.

ಹೋದೆವು. ಬೆಳಿಗ್ಗೆ ಹನ್ನೊಂದು ಗಂಟೆ, ಹೊರಗೆ ಸುಡುವ ಬಿಸಿಲು. ಎ ಸೆಕ್ಷನ್ನಿನ ಗಲಾಟೆ ಗೇಟಿನವರೆಗೂ ಕೇಳುತ್ತಿತ್ತು. ಅದರ ಪಕ್ಕದ ಕೋಣೆಯಿಂದ ಒಂದು ಸದ್ದೂ ಇಲ್ಲ. ಖಾಲಿ ಇರಬೇಕು ಎಂದುಕೊಂಡು ಬಾಗಿಲಲ್ಲಿ ಇಣುಕಿದೆ. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಕೈಕಟ್ಟಿ ಕೂತಿದ್ದರು. ಒಂದೂ ತಿರುಗಿ ನೋಡಲಿಲ್ಲ. ಕಿಟಕಿಗಳೆಲ್ಲ ಮುಚ್ಚಿದ್ದವು. ಎರಡನೇ ಕ್ಲಾಸಿನ ಮಕ್ಕಳು ಹೊಸಬರು ಬಂದಾಗ ತಿರುಗಿ ನೋಡದೆ ಇರುವುದನ್ನು ನಾನು ನನ್ನ ಸರ್ವಿಸ್ಸಿನಲ್ಲೇ ಕಂಡಿರಲಿಲ್ಲ.

ಬೋರ್ಡು ನೋಡಿದೆ. ಮೂಲೆಯಲ್ಲಿ ಬರೆದಿದ್ದ ತಾರೀಖು ಅವತ್ತಿನದಲ್ಲ, ಮೂರು ವಾರದ ಹಿಂದಿನದು. ಕೆಳಗೆ ಐದು ಲೆಕ್ಕ. ಟೀಚರು ಒಬ್ಬರು ಕುರ್ಚಿಯಲ್ಲಿ ಸುಸ್ತಾಗಿ ಕೂತಿದ್ದವರು ಎದ್ದು ಕಡ್ಡಿಯನ್ನು ಮೊದಲ ಲೆಕ್ಕದ ಮೇಲಿಟ್ಟರು. ಅವರು ಬಾಯಿ ತೆರೆಯುವ ಮೊದಲೇ ಅಷ್ಟೂ ಮಕ್ಕಳು ಒಂದೇ ದನಿಯಲ್ಲಿ ಉತ್ತರ ಹೇಳಿದವು. ಕಡ್ಡಿ ಎರಡನೇ ಲೆಕ್ಕಕ್ಕೆ ಇಳಿಯುವ ಮೊದಲೇ ಎರಡನೇ ಉತ್ತರ. ಕಣ್ಣು ಬೋರ್ಡಿನ ಮೇಲೂ ಇರಲಿಲ್ಲ, ಟೀಚರ ಮೇಲೂ ಇರಲಿಲ್ಲ. ನಮ್ಮ ವಿದ್ಯಾರ್ಥಿನಿ ನನ್ನ ಸೆರಗು ಹಿಡಿದುಕೊಂಡಿದ್ದಳು. ನಾನೂ ಅವಳ ಕೈ ಹಿಡಿದುಕೊಂಡಿದ್ದೆ ಎಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ಹೆಡ್‌ಮಾಸ್ಟರು ಬಂದರು. ಬಹಳ ಒಳ್ಳೆಯ ಮನುಷ್ಯ, ಕೆಲಸದಲ್ಲಿ ಶ್ರದ್ಧೆ. ಏನ್ ಸಾರ್ ಇದು ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ನಿಮ್ಮ ಹುಡುಗಿಯೇ ಮೊದಲ ದಿನ ಹೇಳಿದ್ದಲ್ಲವಾ ಎಂದರು. ಬಿ ಸೆಕ್ಷನ್ ಕಂಟ್ರೋಲ್ ಗ್ರೂಪ್ ಸಾರ್, ಪ್ರಯೋಗ ಮುಗಿಯುವವರೆಗೂ ಇವರಲ್ಲಿ ಏನೂ ಬದಲಾವಣೆ ಆಗಬಾರದು ಅಂತ ಅವಳು ಹೇಳಿದ್ದಳಂತೆ. ಅವರು ಅಕ್ಷರಶಃ ನಡೆಸಿಕೊಟ್ಟಿದ್ದರು. ಅದೇ ಜಾಗ, ಅದೇ ಪಾಠ, ಅದೇ ಐದು ಲೆಕ್ಕ. ಬೋರ್ಡು ಒರೆಸುವ ಹಾಗಿಲ್ಲ. ಹೊಸ ಗಾಳಿ ಬರಬಾರದು ಎಂದು ಕಿಟಕಿಯನ್ನೂ ಹಾಕಿಸಿದ್ದರು. ಪ್ರಯೋಗ ಮುಗಿಯುವವರೆಗೂ ತಲೆಕೂದಲು ತೆಗೆಸಬೇಡಿ ಎಂದು ತಂದೆತಾಯಿಯರಿಗೆ ಚೀಟಿಯೂ ಹೋಗಿತ್ತು.

ನಾನು ಮಕ್ಕಳನ್ನು ಒಂದೊಂದಾಗಿ ನೋಡತೊಡಗಿದೆ. ಅವರು ಅದನ್ನು ಅಸಮಾಧಾನ ಎಂದುಕೊಂಡರು. ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಆ ಮೂಲೇಲಿ ಕೂತಿದಾಳಲ್ಲ, ಅವಳಿಗೊಂದು ಹಲ್ಲು ಬಿದ್ದೋಯ್ತು ಮೇಡಂ. ಅದೊಂದನ್ನ ತಡೆಯೋಕೆ ಆಗ್ಲಿಲ್ಲ. ದಯವಿಟ್ಟು ಪ್ರಬಂಧದಲ್ಲಿ ಬರೀಬೇಡಿ."

ಮಸಿಯೊಳಗಿನ ಅಜ್ಜಿ

ಮರುವರ್ಷ ಕುಣಿಗಲ್ಲಿನ ಒಬ್ಬ ಹುಡುಗ ಬಂದ. ಹುಡುಗ ಎಂದರೆ ಮೂವತ್ತರ ಮೇಷ್ಟ್ರು, ಮದುವೆಯಾಗಿ ಒಂದು ಮಗುವಿದೆ. ಅವನಿಗೆ ಒಂದು ಸಿದ್ಧಾಂತದ ಹುಚ್ಚು ಹಿಡಿದಿತ್ತು. ಎಲ್ಲ ಮನುಷ್ಯರ ಮನಸ್ಸಿನ ತಳದಲ್ಲಿ ಹಿಂದಿನವರ ನೆನಪು ಒಂದೇ ಥರ ಕೂತಿರುತ್ತದೆ, ಸರಿಯಾಗಿ ಕೆದಕಿದರೆ ಎಲ್ಲರಿಗೂ ಒಂದೇ ಆಕಾರ ಕಾಣುತ್ತದೆ ಎನ್ನುವುದು ಅವನ ನಂಬಿಕೆ. ಬಿಳಿ ಹಾಳೆಯ ಮೇಲೆ ಮಸಿ ಚೆಲ್ಲಿ, ಮಡಚಿ, ಬಿಡಿಸಿ, ಐದನೇ ಕ್ಲಾಸಿನ ಮಕ್ಕಳಿಗೆ ತೋರಿಸಿ ಏನು ಕಾಣುತ್ತದೆ ಬರೆಯಿರಿ ಎಂದಿದ್ದ. ಇಡೀ ಕ್ಲಾಸು ಒಂದೇ ಪದ ಬರೆದಿತ್ತು. ಅಜ್ಜಿ.

ಆ ಹಾಳೆಗಳನ್ನು ತಂದು ನನ್ನ ಟೇಬಲ್ ಮೇಲೆ ಹರಡಿದ. ಬೇರೆ ಬೇರೆ ಕೈಬರಹ, ಬೇರೆ ಬೇರೆ ಕಾಗುಣಿತದ ತಪ್ಪು. ಅಜ್ಜಿ, ಅಜಿ, ಅಜ್ಜೀ. ಆ ಮಸಿಯ ಕಲೆಯನ್ನು ನಾನು ಎಡಕ್ಕೆ, ಬಲಕ್ಕೆ, ತಲೆಕೆಳಗೆ ಮಾಡಿ ನೋಡಿದೆ. ನನಗೆ ಬಾವಲಿಯೋ ಗುಬ್ಬಚ್ಚಿಯೋ ಕಂಡಿತೇ ಹೊರತು ಅಜ್ಜಿ ಕಾಣಲಿಲ್ಲ. ಸಿದ್ಧಾಂತಕ್ಕೆ ಸಾಕ್ಷಿ ಇಷ್ಟು ಚೆನ್ನಾಗಿ ಹೊಂದಿಕೊಂಡರೆ ಮೊದಲು ಅನುಮಾನ ಪಡಬೇಕಪ್ಪಾ ಎಂದು ಅವನಿಗೆ ಹೇಳಿ, ಆ ಶಾಲೆಗೆ ನಾನೇ ಹೋದೆ.

ಅವನು ಪರೀಕ್ಷೆ ಮಾಡಿದ ಹೊತ್ತಿಗೇ ಮಾಡೋಣ ಎಂದು ಹನ್ನೆರಡೂವರೆಗೆ ಸರಿಯಾಗಿ ಶುರುಮಾಡಿದೆ. ಬೋರ್ಡಿನ ಪಕ್ಕದ ಕಿಟಕಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡು, ಮಸಿಯ ಹಾಳೆ ಎತ್ತಿ ಹಿಡಿದೆ. ಮಕ್ಕಳು ನೋಡಿದವು. ಆದರೆ ಹಾಳೆಯನ್ನಲ್ಲ. ನನ್ನ ಕಿವಿಯ ಪಕ್ಕದಿಂದ ಹಾದು ಹಿಂದಕ್ಕೆ ನೋಡುತ್ತಿದ್ದವು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಏನು ಕಾಣುತ್ತೆ ಪುಟ್ಟಾ ಎಂದೆ.

"ಅಜ್ಜಿ."

"ಎಲ್ಲಿ, ತೋರಿಸು."

ಅವಳು ಬೆರಳು ಎತ್ತಿ ತೋರಿಸಿದಳು. ಬೆರಳು ಹಾಳೆಯ ಕಡೆ ಬರಲಿಲ್ಲ.

"ನಿಮ್ಮಿಂದೆ ನಿಂತವ್ಳೆ."

ತಿರುಗಿ ನೋಡಿದೆ. ಕಿಟಕಿಯ ಸರಳು, ಆಚೆ ಬಿಸಿಲು. ಯಾರೂ ಇಲ್ಲ. ಈ ಕಡೆ ತಿರುಗಿದರೆ ಹುಡುಗಿ ಶಾಂತವಾಗಿ, ಹೋದ್ಲು, ಇನ್ನೊಂದ್ಸಲ ಬರ್ತಾಳೆ ಎಂದಳು. ಹಿಂದಿನ ಬೆಂಚಿನಿಂದ ಇನ್ಯಾರೋ, ಮೂರು ಸಲ ಬರ್ತಾಳೆ ಎಂದರು. ಇಡೀ ಕ್ಲಾಸು ಉಸಿರು ಬಿಗಿಹಿಡಿದು ಆ ಕಿಟಕಿಯನ್ನೇ ನೋಡುತ್ತಿತ್ತು. ಮೇಷ್ಟ್ರುಗಳಿಗೆ ವೈಜ್ಞಾನಿಕ ಮನೋಭಾವ ಕಲಿಸುವ ನಾನು ಕುರ್ಚಿಯನ್ನು ಮೆಲ್ಲಗೆ ಗೋಡೆಯ ಕಡೆ ಸರಿಸಿಕೊಂಡೆ.

ಮೂರನೇ ಸಲ ನಾನೂ ನೋಡಿದೆ. ಬೆಳ್ಳಗಿನ ಕೂದಲು, ಬೆವರಿದ ಮುಖ, ಕೈಯಲ್ಲಿ ಉದ್ದನೆಯ ಸೌಟು. ಅಷ್ಟೂ ಮಕ್ಕಳು ತಟ್ಟೆ ತೆಗೆದುಕೊಂಡು ನನ್ನನ್ನು ದಾಟಿಕೊಂಡು ಓಡಿದವು. ಆಕೆ ಬಿಸಿಯೂಟದ ಅಡುಗೆಯಮ್ಮ. ಅನ್ನ ಇಳಿಸಿದಾಗ ಒಮ್ಮೆ, ಸಾರಿಗೆ ಒಗ್ಗರಣೆ ಬಿದ್ದಾಗ ಒಮ್ಮೆ, ಎಲ್ಲ ಆದಮೇಲೆ ಒಮ್ಮೆ ಬಂದು ಕ್ಲಾಸು ಮುಗಿಯಿತಾ ಎಂದು ಇಣುಕುವುದು ಅವರ ಅಭ್ಯಾಸ. ಊಟದ ನಂತರ ಅದೇ ಮಸಿಯ ಹಾಳೆಯನ್ನು ಮತ್ತೆ ತೋರಿಸಿದೆ. ಮಸಿ ಚೆಲ್ಲೋಗದೆ ಮೇಡಂ ಎಂದು ಎಲ್ಲರೂ ಸರಿಯಾಗಿ ಹೇಳಿದರು. ಮನಸ್ಸಿನ ತಳದಲ್ಲಿ ಎಲ್ಲರಿಗೂ ಒಂದೇ ಇರುತ್ತದೆ ಎನ್ನುವುದು ನಿಜವೇ. ಅದರ ಹೆಸರು ಹಸಿವು.

ಹೊರಡುವಾಗ ಅಡುಗೆಯಮ್ಮ ಗೇಟಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. ಯಾರೋ ಮೇಡಂ ಬಂದು ನಿನ್ನ ಫೋಟೋ ತೋರಿಸಿ ಮಕ್ಕಳನ್ನು ವಿಚಾರಿಸುತ್ತಿದ್ದಾರೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ತನ್ನ ಮೇಲೆ ಯಾವ ಕಂಪ್ಲೇಂಟು ಬಂದಿದೆ ಎಂದು ತಿಳಿಯಬೇಕಿತ್ತು. ಕಣ್ಣಲ್ಲಿ ನೀರಿತ್ತು. ನಾನು ಹಾಳೆಯನ್ನು ಕೊಟ್ಟೆ. ಅವರು ದೂರ ಹಿಡಿದು, ಹತ್ತಿರ ಹಿಡಿದು ನೋಡಿ ನಿಟ್ಟುಸಿರು ಬಿಟ್ಟರು.

"ಇದು ನಾನಲ್ಲ ಬುಡಿ. ಸೌಟೇ ಇಲ್ವಲ್ಲ."

ಒಂದೇ ಉತ್ತರದ ಊರು

ಇದು ಅಮೃತೂರಿನ ಹತ್ತಿರದ ಹಳ್ಳಿಯಲ್ಲಿ ನಡೆದದ್ದು. ಹೆಸರು ಬೇಡ, ಆ ಊರವರು ಈಗಲೂ ನನಗೆ ಎಳನೀರು ಕಳಿಸುತ್ತಾರೆ.

ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಹಳ್ಳಿಯ ತಂದೆತಾಯಿಯರ ಧೋರಣೆ ಏನು ಎಂದು ನಮ್ಮ ಒಬ್ಬ ವಿದ್ಯಾರ್ಥಿನಿ ಆ ಊರಿನ ಮನೆಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದಳು. ಕಟ್ಟು ಬಿಚ್ಚಿ ನೋಡಿದರೆ ಎಲ್ಲ ಹಾಳೆಯಲ್ಲೂ ಒಂದೇ ಉತ್ತರ. ಗುರುತು ಹಾಕುವ ಪ್ರಶ್ನೆಗಳಲ್ಲಿ ಮಾತ್ರವಲ್ಲ, ನಿಮ್ಮ ಸ್ವಂತ ಮಾತಿನಲ್ಲಿ ಹೇಳಿ ಎಂದು ಕೇಳಿದ ಕೊನೆಯ ಪ್ರಶ್ನೆಗೂ ಒಂದೇ ವಾಕ್ಯ: "ಹೆಣ್ಣುಮಕ್ಕಳಿಗೆ ಓದು ಕಣ್ಣಿದ್ದಂಗೆ, ಆದ್ರೆ ಕಾಲೇಜು ಹತ್ರದಲ್ಲಿರಬೇಕು."

ಯಾವುದೋ ಮರದ ಕೆಳಗೆ ಕೂತು ಎಲ್ಲವನ್ನೂ ನೀನೇ ಬರೆದಿದ್ದೀಯ ಎಂದು ಅವಳಿಗೆ ನೇರವಾಗಿಯೇ ಹೇಳಿದೆ. ಅವಳು ಅತ್ತುಬಿಟ್ಟಳು. ಒಂದು ಸಾಲನ್ನೂ ತಾನು ಸೇರಿಸಿಲ್ಲ, ಅವರು ಹೇಳಿದ್ದನ್ನೇ ಬರೆದೆ ಎಂದಳು. ಸುಳ್ಳು ಎಂದು ತೀರ್ಮಾನವಾದರೆ ಅವಳ ವರ್ಷ ಹೋಗುತ್ತಿತ್ತು, ಮೇಲಾಗಿ ಆಗ ಅವಳು ಐದು ತಿಂಗಳ ಗರ್ಭಿಣಿ. ಹಾಗಾಗಿ ಇಬ್ಬರೂ ಪ್ರೈವೇಟ್ ಬಸ್ಸು ಹತ್ತಿದೆವು.

ಊರಲ್ಲಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ನಾನೊಬ್ಬಳೇ ಹೊರಟೆ. ಮೊದಲನೇ ಮನೆಯಲ್ಲಿ ಹೆಂಗಸೊಬ್ಬರು ಕೊಬ್ಬರಿ ಒಣಹಾಕುತ್ತಿದ್ದರು. ಅದೂ ಇದೂ ಮಾತಾಡಿ ಮೆಲ್ಲಗೆ ಪ್ರಶ್ನೆ ತೆಗೆದೆ. ಅವರ ಕೈ ನಿಂತಿತು. ಕಣ್ಣು ದೂರದಲ್ಲಿ ನೆಟ್ಟಿತು. ಹೆಣ್ಣುಮಕ್ಕಳಿಗೆ ಓದು ಕಣ್ಣಿದ್ದಂಗೆ ಎಂದು ಒಂದು ಉಸಿರು ತೆಗೆದುಕೊಂಡು, ಆದ್ರೆ ಕಾಲೇಜು ಹತ್ರದಲ್ಲಿರಬೇಕು ಎಂದರು. ಮತ್ತೆ ಕೈ ಆಡಿತು. ಎರಡು ಬೀದಿ ಆಚೆ ಬೈಕು ರಿಪೇರಿ ಮಾಡುತ್ತಿದ್ದವನನ್ನು ಕೇಳಿದೆ. ಅವನ ಸ್ಪ್ಯಾನರೂ ನಿಂತಿತು, ಕಣ್ಣೂ ಅದೇ ದೂರ ನೋಡಿತು. ಅದೇ ವಾಕ್ಯ, ನಡುವೆ ಅದೇ ಉಸಿರು. ಹಾಸಿಗೆ ಹಿಡಿದಿದ್ದ ಮುದುಕಿಯೊಬ್ಬರಿಗೆ ನನ್ನ ಹೆಸರು ಮೂರು ಸಲ ಹೇಳಿದರೂ ಕಿವಿಗೆ ಬೀಳಲಿಲ್ಲ. ಪ್ರಶ್ನೆ ಕೇಳಿದ ತಕ್ಷಣ ಗೋಡೆ ನೋಡಿಕೊಂಡೇ ಪೂರ್ತಿ ವಾಕ್ಯ ಹೇಳಿದರು. ಜಗಲಿಯಲ್ಲಿ ಆಡುತ್ತಿದ್ದ ಮೂರು ವರ್ಷದ ಮಗುವೊಂದು ನನ್ನ ಬ್ಯಾಗು, ಪೆನ್ನು ನೋಡಿ, ನಾನು ಕೇಳದೆಯೇ, "ಓದು ಕಣ್ಣಿದ್ದಂಗೆ" ಎಂದಿತು.

ಮಟಮಟ ಮಧ್ಯಾಹ್ನದಲ್ಲಿ ನನಗೆ ಚಳಿಯಾದಂತಾಯಿತು. ಬೇಗ ಬೇಗ ಕಟ್ಟೆಗೆ ವಾಪಸು ಬಂದೆ. ಅಲ್ಲಿ ನಮ್ಮ ಹುಡುಗಿಯ ಪಕ್ಕದಲ್ಲಿ ಊರಿನ ಯಜಮಾನರೊಬ್ಬರು ಕೂತಿದ್ದರು. ಅವರ ಬಳಿ ನನ್ನ ಭಯವನ್ನು ಬಿಡಿಸಿಯೇ ಹೇಳಿದೆ. ಅವರು ನಗಲಿಲ್ಲ, ಸಮಾಧಾನ ಮಾಡಿದರು. ರಸ್ತೆ ಪಕ್ಕದ ಊರು, ಬಸ್ಸಿಳಿದರೆ ಮೊದಲು ಸಿಗುವುದೇ ಇದು, ಅದಕ್ಕೇ ವರ್ಷಾವರ್ಷ ಯಾವುದಾದರೂ ಕಾಲೇಜಿನವರು ಇದೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಮೊದಮೊದಲು ಒಬ್ಬೊಬ್ಬರು ಒಂದೊಂದು ಹೇಳಿ, ಮನೆಮನೆಯಲ್ಲಿ ಜಗಳವಾಯಿತು. ಗಂಡ ಓದಿಸಲ್ಲ ಎಂದದ್ದು ಹೆಂಡತಿಗೆ ತಿಳಿಯಿತು, ಅತ್ತೆ ಹೇಳಿದ್ದು ಸೊಸೆಗೆ ತಿಳಿಯಿತು. ಕೊನೆಗೆ ಊರವರೆಲ್ಲ ಇದೇ ಕಟ್ಟೆಯ ಮೇಲೆ ಕೂತು ಒಂದು ಉತ್ತರಕ್ಕೆ ಒಪ್ಪಿಕೊಂಡರು. ಅವತ್ತಿನಿಂದ ಊರಲ್ಲಿ ನೆಮ್ಮದಿ.

ಹಾಗಾದರೆ ನಿಜವಾದ ಉತ್ತರ ಏನು ಎಂದು ಕೇಳಿದೆ. ನಿಜ ಬೇಕು ಅಂತ ಇದುವರೆಗೂ ಯಾರೂ ಎರಡನೇ ಸಲ ಬಂದಿಲ್ಲವಲ್ಲ ತಾಯಿ, ಬಂದರೆ ನೋಡೋಣ ಎಂದರು. ಅದು ನನ್ನ ಎದೆಗೆ ನಾಟಿತು. ನಮ್ಮ ಹುಡುಗಿ ಆಮೇಲೆ ನಾಲ್ಕು ಸಲ ಹೋದಳು, ಬೇರೆಯದೇ ಪ್ರಬಂಧ ಬರೆದಳು, ಅದು ಚೆನ್ನಾಗಿಯೂ ಬಂತು. ಆದರೆ ಅವತ್ತು ನಾವು ಬಸ್ಸಿಗೆ ಏಳುವಾಗ ಯಜಮಾನರು ಅವಳ ಬಾಡಿದ ಮುಖ ನೋಡಿ ಧೈರ್ಯ ಹೇಳಿದರು.

"ಯೋಚ್ನೆ ಮಾಡ್ಬೇಡ ಕಣವ್ವ. ನಮ್ಮೂರ ಉತ್ತರ ತಗೊಂಡೋದೋರು ಇದುವರ್ಗೂ ಯಾರೂ ಫೇಲಾಗಿಲ್ಲ."

ಕದಲದ ಪರೀಕ್ಷಕರು

ಇದು ಚಿಕ್ಕದು. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸಗಾರರಿಗೆ ತರಬೇತಿ ಕೊಡುವ ಒಬ್ಬರು ಮನೋವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ವಿಷಯ ಕೆಲಸದ ಒತ್ತಡ. ಅವರ ವೈವಾ, ಅಂದರೆ ಕೊನೆಯ ಮೌಖಿಕ ಪರೀಕ್ಷೆ, ಆನ್‌ಲೈನಿನಲ್ಲಿ ನಡೆಯಿತು. ಹೊರಗಿನ ಪರೀಕ್ಷಕರು ದೂರದ ಊರಿನ ಹಿರಿಯ ಪ್ರೊಫೆಸರು, ಬಹಳ ಬಿಗಿ ಎಂದು ಹೆಸರಾದವರು. ಅಭ್ಯರ್ಥಿ, ನಾನು, ನಮ್ಮ ವಿಭಾಗದ ಮುಖ್ಯಸ್ಥರು ಮೂವರೂ ಒಂದು ಕೋಣೆಯಲ್ಲಿ ದೊಡ್ಡ ಪರದೆಯ ಮುಂದೆ ಕೂತಿದ್ದೆವು.

ಪರದೆಯ ಮೇಲೆ ಪ್ರೊಫೆಸರ ಮುಖ ಮೂಡಿತು. ಕನ್ನಡಕದ ಮೇಲೆ ಬೆಳಕು ಬಿದ್ದು ಕಣ್ಣು ಕಾಣುತ್ತಿರಲಿಲ್ಲ. ಅಭ್ಯರ್ಥಿ ಮಾತಾಡಿದರು, ಮುಗಿಸಿದರು. ಆ ಕಡೆಯಿಂದ ಮಾತಿಲ್ಲ, ತಲೆಯಾಡಿಸಲಿಲ್ಲ, ತುಟಿ ಅಲುಗಲಿಲ್ಲ. ಸಾರ್, ಕೇಳಿಸ್ತಾ ಇದೆಯಾ ಎಂದರೂ ಇಲ್ಲ. ಐದು ನಿಮಿಷ ಆ ಮುಖ ನಮ್ಮನ್ನು ನೋಡುತ್ತಲೇ ಇತ್ತು. ನೆಟ್ ಹ್ಯಾಂಗ್ ಆಗಿದೆ ಎಂದು ನಮ್ಮ ಮುಖ್ಯಸ್ಥರು ತೀರ್ಮಾನಿಸಿ ಕಾಲು ಚಾಚಿದರು. ಹೋದ ಸಲವೂ ಈ ಮನುಷ್ಯ ಎರಡು ಗಂಟೆ ತಲೆ ತಿಂದಿದ್ದ ಎಂದರು. ನಾನೂ ನನ್ನ ಪಾಲಿನದು ಒಂದೆರಡು ಹೇಳಿದೆ. ಅಭ್ಯರ್ಥಿ ಒತ್ತಡ ಇಳಿದವರಂತೆ ಬಾಟಲಿ ಎತ್ತಿ ನೀರು ಕುಡಿದು, ಮನಸ್ಸು ಬಿಚ್ಚಿದರು. ಮೂರನೇ ಅಧ್ಯಾಯದಲ್ಲಿ ಏನೂ ಇಲ್ಲ ಮೇಡಂ, ಬರೀ ಪುಟ ತುಂಬಿಸಿದ್ದೀನಿ, ಅದನ್ನೇ ಕೇಳಿಬಿಡ್ತಾರೇನೋ ಅಂತ ಭಯ ಇತ್ತು ಎಂದರು.

ಆಗ ಪ್ರೊಫೆಸರ ಕೆನ್ನೆಯ ಮೇಲೆ ಒಂದು ನೊಣ ಕೂತಿತು.

ಮೂವರೂ ನೋಡಿದೆವು. ಅದು ಮೆಲ್ಲಗೆ ಮೂಗಿನವರೆಗೆ ನಡೆದುಕೊಂಡು ಹೋಗಿ, ಕಾಲು ಉಜ್ಜಿಕೊಂಡು, ಹಾರಿಹೋಯಿತು. ಮುಖ್ಯಸ್ಥರು ಚಾಚಿದ್ದ ಕಾಲನ್ನು ಇಂಚಿಂಚಾಗಿ ಒಳಕ್ಕೆ ಎಳೆದುಕೊಂಡರು. ಆ ಕಡೆ ಮೈಕು ಟಕ್ ಎಂದು ಆನ್ ಆಯಿತು.

ಕತ್ತಿಗೆ ಪಟ್ಟಿ ಹಾಕಿದ್ದಾರೆ, ಅಲುಗಾಡಬಾರದು ಎಂದು ಡಾಕ್ಟರು ಹೇಳಿದ್ದಾರೆ, ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡೋಣ ಎಂದು ಸುಮ್ಮನಿದ್ದೆ ಎಂದರು ಪ್ರೊಫೆಸರು. ಆಮೇಲೆ ಒಂದೇ ಮಾತು: "ಮೂರನೇ ಅಧ್ಯಾಯದ ಬಗ್ಗೆ ನಿಮ್ಮ ವಿಮರ್ಶೆ ನನಗೂ ಒಪ್ಪಿಗೆ."

ಅಂಚಿನಲ್ಲಿ ಪೆನ್ಸಿಲ್

ಬೇರೆಯವರ ಪ್ರಬಂಧ ಪರೀಕ್ಷಿಸುತ್ತಾ ಓಡಾಡಿದವಳಿಗೆ ಒಂದು ದಿನ ನನ್ನದನ್ನೂ ಯಾರೋ ಪರೀಕ್ಷಿಸುತ್ತಿದ್ದಾರೆ ಎಂದು ಗೊತ್ತಾಯಿತು.

ನನ್ನ ಪಿಎಚ್.ಡಿ. ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಓದಿನಲ್ಲಿ ಹಿಂದುಳಿದವರು ಎಂದು ಮೇಷ್ಟ್ರುಗಳು ಗುರುತಿಸಿದ್ದ ಮಕ್ಕಳನ್ನು ತಿಂಗಳುಗಟ್ಟಲೆ ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿದ್ದೆ. ಯಾರ ಹೆಸರೂ ಬರೆಯುವ ಹಾಗಿಲ್ಲ, ಬರೀ ನಂಬರು. ಅದರಿಂದ ಒಂದು ಸಿದ್ಧಾಂತವನ್ನೂ ಕಟ್ಟಿದ್ದೆ. ಕೆಲವು ಮಕ್ಕಳಿಗೆ ದೀರ್ಘವಾಗಿ ಓದುವ ಸಾಮರ್ಥ್ಯ ಹುಟ್ಟಿನಿಂದಲೇ ಕಡಿಮೆ ಎಂದು. ಆಗ ಎಲ್ಲರೂ ಭೇಷ್ ಎಂದಿದ್ದರು.

ಹೋದ ವರ್ಷ ಡೌಟ್ ಪೇಪರಿಗೆ ನನ್ನ ಪ್ರಬಂಧವನ್ನೇ ಕೊಟ್ಟು ವಿಮರ್ಶೆ ಮಾಡಿಸೋಣ, ನಾನು ಎಷ್ಟು ದೊಡ್ಡ ಮನಸ್ಸಿನವಳು ಎಂದು ವಿದ್ಯಾರ್ಥಿಗಳಿಗೂ ಗೊತ್ತಾಗಲಿ ಎಂದುಕೊಂಡೆ. ಕಾಲೇಜಿನ ಲೈಬ್ರರಿಯ ಕೊನೆಯ ಬೀರುವಿನಲ್ಲಿ ಅದು ಧೂಳು ಹಿಡಿದು ಕೂತಿರುತ್ತದೆ ಎಂದು ನನಗೆ ಗೊತ್ತಿತ್ತು. ತೆಗೆದರೆ ಧೂಳಿರಲಿಲ್ಲ. ಅಲ್ಲೇ ನಿಂತು ಬಿಡಿಸಿದೆ. ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ ಬರೆದಿತ್ತು: "ಇದಕ್ಕೆ ಆಧಾರ?"

ನನಗೆ ಸಂತೋಷವೇ ಆಯಿತು, ಕೊನೆಗೂ ಯಾರೋ ಓದಿದರಲ್ಲ ಎಂದು. ಪುಟ ಮಗುಚಿದೆ. "ಮೂರು ಗಂಟೆ ಗಮನಿಸಿದೆ ಎಂದು ಬರೆದಿದ್ದೀರಿ. ಅವತ್ತು ನೀವು ಹತ್ತು ನಿಮಿಷ ಇದ್ದಿರಿ." ಇನ್ನೊಂದು ಪುಟ. "ಇಲ್ಲಿ ಬರೆದ ಮಾತನ್ನು ಯಾವ ಮಗುವೂ ಆಡಲಿಲ್ಲ." ಮತ್ತೊಂದು ಪುಟದಲ್ಲಿ ಪ್ರಶ್ನೆಯೂ ಇಲ್ಲ, ಆಕ್ಷೇಪಣೆಯೂ ಇಲ್ಲ, ಒಂದೇ ಸಾಲು: "ಅವತ್ತು ನಿಮ್ಮ ಎಡಗಾಲಿನ ಚಪ್ಪಲಿ ಕಿತ್ತು ಪಿನ್ನು ಹಾಕಿದ್ದಿರಿ."

ನಾನು ಬೀರು ಹಿಡಿದುಕೊಂಡೆ. ಚಪ್ಪಲಿ ಕಿತ್ತದ್ದು ನಿಜ. ಬಸ್ ಸ್ಟ್ಯಾಂಡಿನಲ್ಲಿ ಕಿತ್ತಿತ್ತು, ಸೆರಗಿನ ಪಿನ್ನು ತೆಗೆದು ಹಾಕಿಕೊಂಡು, ಯಾರಿಗೂ ಕಾಣದಂತೆ ಸೀರೆ ಎಳೆದುಕೊಂಡು ನಡೆದಿದ್ದೆ. ಅದನ್ನು ನನ್ನ ಗಂಡನಿಗೂ ಹೇಳಿರಲಿಲ್ಲ. ಹತ್ತು ನಿಮಿಷದ ವಿಷಯ ಅಂತೂ ನನಗೇ ಮರೆತುಹೋಗಿತ್ತು. ಓದಿದಾಗ ನೆನಪಾಯಿತು, ಅವತ್ತು ಬಸ್ಸು ತಪ್ಪುತ್ತದೆ ಎಂದು ಬೇಗ ಎದ್ದು ಬಂದಿದ್ದೆ.

ಪುಸ್ತಕದ ಹಿಂದಿನ ಚೀಟಿಯಲ್ಲಿ ಒಂದೂ ಮುದ್ರೆ ಇರಲಿಲ್ಲ. ಕೌಂಟರಿನಲ್ಲಿದ್ದ ಲೈಬ್ರರಿಯನ್ ಹತ್ತಿರ ಕೇಳಿದೆ. ಎರಡು ವರ್ಷದ ಹಿಂದೆ ಬಂದ ಮೂವತ್ತೈದರ ಹೆಣ್ಣುಮಗಳು, ದಪ್ಪ ಕನ್ನಡಕ, ಮಾತು ಬಹಳ ಕಮ್ಮಿ. ದಿನವೂ ನಮಸ್ಕಾರ ಮಾಡುತ್ತಿದ್ದಳು, ನಾನೂ ತಲೆಯಾಡಿಸುತ್ತಿದ್ದೆ. ರಿಜಿಸ್ಟರು ನೋಡಿ, ಈ ಪುಸ್ತಕ ಇದುವರೆಗೂ ಯಾರಿಗೂ ಹೋಗಿಲ್ಲ ಮೇಡಂ ಎಂದಳು.

ಚಪ್ಪಲಿಯ ಪುಟದ ಮೂಲೆ ಮಡಚಿ ಪುಸ್ತಕವನ್ನು ಅಲ್ಲೇ ಇಟ್ಟುಬಂದೆ. ಮನೆಯಲ್ಲಿ ನಮ್ಮ ಪೊಲೀಸಿನವರಿಗೆ ಹೇಳಿದರೆ, ನಿನ್ನ ಗೈಡ್ ತೀರಿಕೊಂಡಿದ್ದಾರಲ್ಲ, ಅವರೇ ಈಗ ಬಿಡುವಾಗಿ ಓದುತ್ತಿರಬೇಕು ಎಂದರು. ಬದುಕಿದ್ದಾಗ ಓದಿರಲಿಲ್ಲ ಎನ್ನುವುದು ನಿಜವಾದ್ದರಿಂದ ನನಗೆ ಇನ್ನೂ ಭಯವಾಯಿತು. ವಾರದ ಮೇಲೆ ಹೋಗಿ ತೆಗೆದೆ. ಮಡಚಿದ ಮೂಲೆಯನ್ನು ಯಾರೋ ನೀಟಾಗಿ ಬಿಡಿಸಿ ನೇರ ಮಾಡಿದ್ದರು. ಪಕ್ಕದಲ್ಲಿ ಹೊಸ ಸಾಲು: "ಪುಟ ಮಡಚಬೇಡಿ."

ಅದರ ಕೆಳಗೆ ನಾನೂ, ನೀವು ಯಾರು ಎಂದು ಬರೆದಿಟ್ಟೆ. ಮುಂದಿನ ವಾರ ಉತ್ತರವಿತ್ತು: "ಪುಟ ನೂರಾ ಹನ್ನೆರಡು."

ನೂರಾ ಹನ್ನೆರಡನೇ ಪುಟದಲ್ಲಿ ಹದಿನಾಲ್ಕನೇ ನಂಬರಿನ ವಿದ್ಯಾರ್ಥಿನಿಯ ಬಗ್ಗೆ ನಾನು ಬರೆದದ್ದಿತ್ತು. ಈಕೆಗೆ ದೀರ್ಘ ಪಠ್ಯವನ್ನು ಓದುವ ಸಾಮರ್ಥ್ಯವಿಲ್ಲ. ಕಪ್ಪುಹಲಗೆಯ ಕಡೆ ಗಮನವಿಲ್ಲ, ಸದಾ ಬೇರೆಡೆ ನೋಡುತ್ತಾಳೆ. ಪ್ರಶ್ನೆ ಕೇಳುವ ಸ್ವಭಾವ ಎಳ್ಳಷ್ಟೂ ಇಲ್ಲ. ಹೆಚ್ಚಿನ ಶಿಕ್ಷಣಕ್ಕೆ ತಕ್ಕವಳಲ್ಲ. ಈ ಪುಟದ ಅಂಚಿನಲ್ಲಿ ಮಾತ್ರ ಏನೂ ಬರೆದಿರಲಿಲ್ಲ. ಆ ಮಗುವಿನ ಮುಖ ನೆನಪಿಸಿಕೊಳ್ಳಲು ಬಹಳ ಹೊತ್ತು ಪ್ರಯತ್ನಪಟ್ಟೆ. ಬರಲಿಲ್ಲ. ನಂಬರು ಮಾತ್ರ ನೆನಪಿತ್ತು. ನಾಚಿಕೆ ಆಯಿತು.

ತಲೆ ಎತ್ತಿದೆ. ಕೌಂಟರಿನ ಮೇಲಿನ ಗೋಡೆಯಲ್ಲಿ ಕೈಬರಹದ ಒಂದು ಸೂಚನೆ ಅಂಟಿಸಿತ್ತು. ಪುಟ ಮಡಚಬೇಡಿ. ಅದೇ ಸಣ್ಣ ಅಕ್ಷರ, ಅದೇ ವಾಲಿದ ಟ. ಕೆಳಗೆ ಕೂತಿದ್ದ ಲೈಬ್ರರಿಯನ್ ಪೆನ್ಸಿಲ್ ಕೆತ್ತುತ್ತಿದ್ದಳು.

ಹತ್ತಿರ ಹೋಗಿ ಪುಸ್ತಕವನ್ನು ಮುಂದಿಟ್ಟೆ. ಅವಳು ಎದ್ದು ನಿಂತಳು. ಮೂರು ಸಲ ಪೂರ್ತಿ ಓದಿದ್ದೀನಿ ಮೇಡಂ ಎಂದಳು. ಈ ಲೋಕದಲ್ಲಿ ಅದನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ನಾನು ಕೂಡ ಒಟ್ಟಿಗೆ ಓದಿಲ್ಲ. ಬೋರ್ಡಿನ ಕಡೆ ಯಾಕಮ್ಮ ನೋಡ್ತಿರಲಿಲ್ಲ ಎಂದು ಕೇಳಿದೆ. ಕಾಣುತ್ತಿರಲಿಲ್ಲವಂತೆ. ಬೋರ್ಡಿನ ಅಕ್ಷರ ಎಲ್ಲ ಮಂಜು, ಹಾಗಾಗಿ ಪಾಠವೇ ಹತ್ತುತ್ತಿರಲಿಲ್ಲ. ಹತ್ತಿರದ್ದು ಮಾತ್ರ ಕಾಣುತ್ತಿತ್ತು, ಅದಕ್ಕೇ ಪಕ್ಕದಲ್ಲಿ ಕೂತಿದ್ದ ನನ್ನ ಕಾಲು, ಚಪ್ಪಲಿ ನೋಡುತ್ತಾ ಕೂತಿರುತ್ತಿದ್ದಳು. ಎರಡು ವರ್ಷ ಬಿಟ್ಟು ಅವಳ ಸೋದರಮಾವ ಕನ್ನಡಕ ಹಾಕಿಸಿದ ಮೇಲೆ ಓದು ಹತ್ತಿತು, ಡಿಗ್ರಿ ಮೇಲೆ ಡಿಗ್ರಿ ಆಯಿತು. ನಾನು ಹುಟ್ಟಿನಿಂದ ಬಂದ ಕೊರತೆ ಎಂದು ಒಂದು ಅಧ್ಯಾಯ ಬರೆದಿದ್ದೆ. ಬೇಕಾಗಿದ್ದದ್ದು ಒಂದು ಕನ್ನಡಕ.

ನಾನು ಅವಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. ಅವಳು ಸಂಕೋಚದಿಂದ ಕೈ ಬಿಡಿಸಿಕೊಂಡು, ಪುಸ್ತಕವನ್ನು ಒರೆಸಿದಳು. ಎರಡು ವರ್ಷದಿಂದ ದಿನಾ ನಮಸ್ಕಾರ ಮಾಡ್ತಿದ್ದೀಯಲ್ಲ, ಒಂದು ದಿನ ಬಂದು ನನ್ನ ಮುಖಕ್ಕೇ ಕೇಳಬಹುದಿತ್ತಲ್ಲಮ್ಮ, ಹೀಗೆ ಪೆನ್ಸಿಲ್ಲಿನಲ್ಲಿ ಬರೆದು ನನ್ನ ಜೀವ ತೆಗೆಯೋದ್ಯಾಕೆ ಎಂದೆ.

ಅವಳು ಕನ್ನಡಕ ಸರಿಮಾಡಿಕೊಂಡು, ಬಹಳ ವಿನಯದಿಂದ ಹೇಳಿದಳು:

"ಕೇಳೋಣ ಅಂತಲೇ ಇದ್ದೆ ಮೇಡಂ. ಆದ್ರೆ ನಂಗೆ ಪ್ರಶ್ನೆ ಕೇಳೋ ಸ್ವಭಾವ ಎಳ್ಳಷ್ಟೂ ಇಲ್ಲ ಅಂತ ನೀವೇ ಬರ್ದಿದೀರಿ. ಅದಕ್ಕೆ ಡಾಕ್ಟರೇಟೂ ಕೊಟ್ಟಿದಾರೆ. ನಾನು ಬಾಯಿಬಿಟ್ಟು ಕೇಳಿ, ಅವ್ರು ಅದನ್ನ ವಾಪಸ್ ತಗೊಳ್ಳೋ ಹಂಗೆ ಆಗ್ಬಾರ್ದಲ್ಲ."